ಚೆಕಿಂಗ್ ಟೇಬಲ್ಲಿನ ಬೆಳಕು

ನನ್ನ ಅತ್ತಿಗೆಯ ಕಣ್ಣು ಮಂದವಾಗಿದೆ ಎಂದು ಮನೆಯಲ್ಲಿ ಮೊದಲು ಹೇಳಿದವಳು ನಾನು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬೇರೆಯವರ ಮೇಲಿನ ಸಿಟ್ಟನ್ನು ಅವರ ಮುಖಕ್ಕೇ ಆಡಿ ತೀರಿಸಿಕೊಂಡಿದ್ದೇನೆ. ನನ್ನ ಮೇಲಿನದು ಮಾತ್ರ ಹಾಗೇ ಉಳಿದಿದೆ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ನಾನು ಹೈಸ್ಕೂಲಿನಲ್ಲಿದ್ದಾಗ ಮದುವೆಯಾಗಿ ನಮ್ಮ ಮನೆಗೆ ಬಂದಳು. ಬೆಳಿಗ್ಗೆ ನನಗೆ ಜಡೆ ಹೆಣೆದು, ಡಬ್ಬಿಗೆ ಚಿತ್ರಾನ್ನ ಹಾಕಿ ಬಸ್ಸಿಗೆ ಓಡಿಸುತ್ತಿದ್ದವಳು ಅವಳೇ. ನಾನು ಪಾಲಿಟೆಕ್ನಿಕ್ ಸೇರುವ ಹೊತ್ತಿಗೆ ಅವಳೂ ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗತೊಡಗಿದಳು. ಮೊದಲು ದಾರ ಕತ್ತರಿಸುವ ಕೆಲಸ, ಎರಡು ವರ್ಷದಲ್ಲಿ ಚೆಕಿಂಗ್. ಹೊಲಿದು ಬಂದ ಬಟ್ಟೆಯನ್ನು ಟೇಬಲ್ಲಿನ ಮೇಲೆ ಹರಡಿ ಎಣ್ಣೆ ಕಲೆ, ಬಿಟ್ಟ ಹೊಲಿಗೆ, ಸೂಜಿ ಹರಿದ ಗುರುತು, ತೋಳಿಗೂ ಮೈಗೂ ಬಣ್ಣದ ಹೆಚ್ಚುಕಮ್ಮಿ ಇದೆಯೇ ಎಂದು ನೋಡಬೇಕು. ತಪ್ಪು ಕಂಡಲ್ಲಿ ಒಂದು ಸಣ್ಣ ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕಿಡಬೇಕು. ಹನ್ನೆರಡು ವರ್ಷ ಅದೇ ಕೆಲಸ ಮಾಡಿದ ಕಣ್ಣು ಅವಳದು. ಮದುವೆ ಮನೆಯಲ್ಲಿ ಎದುರಿಗೆ ಕೂತವರ ರವಿಕೆಯ ಕಂಕುಳಲ್ಲಿ ಹೊಲಿಗೆ ಜಾರಿರುವುದನ್ನು ಊಟ ಬಡಿಸುತ್ತಲೇ ಕಂಡುಹಿಡಿಯುತ್ತಿದ್ದಳು.

ಅಂಥವಳು ಆ ಬೇಸಿಗೆಯಲ್ಲಿ ದಿನಾ ಹಣೆ ಒತ್ತಿಕೊಂಡು ಮನೆಗೆ ಬರತೊಡಗಿದಳು. ಕಡು ನೀಲಿ ಪ್ಯಾಂಟುಗಳ ಒಂದು ದೊಡ್ಡ ಆರ್ಡರ್ ಫ್ಯಾಕ್ಟರಿಗೆ ಬಂದಿತ್ತು. ಅವಳು ಸರಿಯಿದೆ ಎಂದು ಬಿಟ್ಟ ಪೀಸುಗಳಲ್ಲಿ ತಪ್ಪು ಸಿಕ್ಕಿ ವಾಪಸು ಬರುತ್ತಿದ್ದವು. ಒಂದು ದಿನ ಅವಳ ಕೈಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಎಚ್ಚರಿಕೆ ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಏನು ಬರೆದಿದೆ ಎಂದು ತಿಳಿಯದೆ ಸಹಿ ಹಾಕಿ ಬಂದಿದ್ದಳು. ನಾನು ಓದಿ ಹೇಳಿದೆ. ಕೆಲಸದಲ್ಲಿ ನಿರ್ಲಕ್ಷ್ಯ ತೋರಿದ್ದೇನೆ, ಒಪ್ಪಿಕೊಳ್ಳುತ್ತೇನೆ ಎಂದಿತ್ತು.

"ನಿರ್ಲಕ್ಷ್ಯ ಅಂದ್ರೆ?" ಎಂದು ಕೇಳಿದಳು. "ಬೇಕೂಂತ ಬುಟ್ಟೆ ಅಂತಾನಾ?"

ಹೆಚ್ಚುಕಡಿಮೆ ಹಾಗೇ ಎಂದೆ. ಅವಳು ಆ ಕಾಗದವನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದಳು. ಆ ದಿನ ಊಟ ಮಾಡಲಿಲ್ಲ.

ಎರಡನೆಯ ಪತ್ರ ಬಂದಾಗ ನಾನು ನನ್ನ ಬುದ್ಧಿವಂತಿಕೆ ತೋರಿಸಲು ಹೋದೆ. ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ವಿಚಾರಿಸಿದೆ. ಅವಳು ಸರಿಯಾಗಿಯೇ ಹೇಳಿದಳು. "ಬೆಳಿಗ್ಗೆ ಚೆನ್ನಾಗ್ ಕಾಣ್ತದೆ ಕಣಮ್ಮ. ಹನ್ನೊಂದ್ ಗಂಟೆ ಆಯ್ತಿದ್ದಂಗೆ ಮಬ್ಬು ಕವ್ಕೊಂಡಂಗಾಯ್ತದೆ. ನೀಲಿ ಬಟ್ಟೆ ಮ್ಯಾಲೆ ನೀಲಿ ದಾರ ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ. ನಾಕ್ ಗಂಟೆಗೆ ತಿರ್ಗಾ ಸರಿಹೋಯ್ತದೆ."

ನಾಲ್ಕು ಗಂಟೆಗೆ ಸರಿಹೋಗುವ ಕಣ್ಣಿನ ರೋಗ ಎಲ್ಲಾದರೂ ಇದೆಯೇ? ಬೆಳಕು ಅಳೆಯುವುದೇ ಹೊಟ್ಟೆಪಾಡಾಗಿದ್ದ ನನಗೆ ಈ ಪ್ರಶ್ನೆ ಹೊಳೆಯಲಿಲ್ಲ. ವಯಸ್ಸಾಗುತ್ತಾ ಬಂತು, ಮಧ್ಯಾಹ್ನ ಸುಸ್ತಾಗಿ ಹಾಗಾಗುತ್ತೆ, ಕಣ್ಣು ತೋರಿಸೋಣ ಎಂದೆ. ಅವಳಿಗೆ ಆಗ ಮೂವತ್ತಾರು. ಭಾನುವಾರ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಪೇಟೆಯ ಕನ್ನಡಕದಂಗಡಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದಾತ ಅಂಥದ್ದೇನಿಲ್ಲ, ಬೇಕಿದ್ದರೆ ಸಣ್ಣ ನಂಬರಿನದು ಕೊಡುತ್ತೇನೆ ಎಂದ. ಕೊಡಿ ಎಂದವಳೂ ನಾನೇ. ಅವಳು ಕನ್ನಡಿಯಲ್ಲಿ ಮುಖ ನೋಡಿಕೊಂಡು, ನಿಮ್ಮಮ್ಮನಂಗೆ ಕಾಣ್ತೀನಿ ಎಂದು ನಕ್ಕಳು. ಕನ್ನಡಕ ಹಾಕಿಕೊಂಡು ಹೋದ ಎರಡನೇ ವಾರದಲ್ಲಿ ಮೂರನೆಯ ಪತ್ರ ಬಂತು.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ದೇವನಹಳ್ಳಿ ರಸ್ತೆಯಲ್ಲಿ ಒಂದು ಶೆಡ್ಡಿನಲ್ಲಿ ನಡೆಯುವ ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿ ನಮ್ಮದು. ಹತ್ತು ಹನ್ನೆರಡು ಜನ. ಫ್ಯಾಕ್ಟರಿಗಳ ದೀಪ, ಫ್ಯಾನು, ಪಂಪುಗಳನ್ನು ತಾನಾಗಿ ನಡೆಸುವ ಪೆಟ್ಟಿಗೆಗಳನ್ನು ಮಾಡುತ್ತೇವೆ. ಒಳಗಿನ ಸರ್ಕ್ಯೂಟ್ ಬೋರ್ಡುಗಳ ವಿನ್ಯಾಸ ನನ್ನದು. ಆ ಹಿಂದಿನ ವರ್ಷ ಒಂದು ಹೊಸ ಪೆಟ್ಟಿಗೆ ಮಾಡಿದ್ದೆವು. ಹಗಲು ಹೊರಗಿನ ಬೆಳಕು ಸಾಕಷ್ಟಿದ್ದರೆ ಒಳಗಿನ ದೀಪಗಳನ್ನು ತಗ್ಗಿಸುವುದು, ಮೋಡ ಕವಿದರೆ ಏರಿಸುವುದು ಅದರ ಕೆಲಸ. ಕರೆಂಟು ಉಳಿಯುತ್ತದೆ ಎಂದು ಫ್ಯಾಕ್ಟರಿಯವರು ಹಾಕಿಸಿಕೊಳ್ಳುತ್ತಿದ್ದರು.

ಆ ಪೆಟ್ಟಿಗೆಯ ಜೀವ ಒಂದು ಬೆಳಕಿನ ಸೆನ್ಸರ್. ಅಕ್ಕಿಕಾಳಿಗಿಂತ ಚಿಕ್ಕದು, ನೆತ್ತಿಯ ಮೇಲೆ ಗಾಜಿನಂಥ ಕಿಂಡಿ. ಹಿಂದಿನ ಕಾಲದ ಸೆನ್ಸರುಗಳು ಕತ್ತಲು ಬೆಳಕನ್ನು ಮಾತ್ರ ಒರಟಾಗಿ ಹೇಳುತ್ತಿದ್ದವು. ಇದು ಡಿಜಿಟಲ್. ಬಿದ್ದ ಬೆಳಕನ್ನು ತಾನೇ ಅಳೆದು, ಲಕ್ಸ್ ಎಂಬ ಲೆಕ್ಕಕ್ಕೆ ತರಬಲ್ಲ ಅಂಕಿಯಾಗಿ ಎರಡು ತಂತಿಗಳ ಮೇಲೆ ಕಳಿಸುತ್ತದೆ. ನನಗೆ ಅದರ ಮೇಲೆ ಒಂದು ಥರದ ಮೋಹವಿತ್ತು. ಟ್ಯೂಬ್ ಲೈಟುಗಳು ಸೆಕೆಂಡಿಗೆ ನೂರು ಸಲ ಸಣ್ಣಗೆ ಮಿಡಿಯುತ್ತವೆ, ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಸೆನ್ಸರಿಗೆ ಗೊತ್ತಾಗುತ್ತದೆ. ಅದಕ್ಕೆ ಹತ್ತು ಮಿಡಿತ ಮುಗಿಯುವಷ್ಟು ಹೊತ್ತು ಬೆಳಕನ್ನು ಕೂಡಿಸಿಕೊಂಡು ಆಮೇಲೆ ಅಂಕಿ ಕೊಡು ಎಂದು ಹೇಳಿಟ್ಟಿದ್ದೆ. ಬೆಸುಗೆಯ ಅಂಟು ಕಿಂಡಿಗೆ ತಾಗದಂತೆ ಒಂದೊಂದು ಬೋರ್ಡನ್ನೂ ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಬೋರ್ಡಿನ ಮೂಲೆಯಲ್ಲಿ ಒಂದು ಹಸಿರು ದೀಪ ಇಟ್ಟಿದ್ದೆ. ಎಲ್ಲ ಸರಿಯಿದ್ದರೆ ಅದು ಎರಡು ಸಲ ಮಿನುಗಿ ಒಂದು ಕ್ಷಣ ನಿಲ್ಲುತ್ತದೆ. ಅದು ನನ್ನ ರುಜು ಇದ್ದ ಹಾಗೆ.

ಸೆನ್ಸರನ್ನು ಕೆಲಸ ಮಾಡುವ ಟೇಬಲ್ಲಿನ ಹತ್ತಿರವೇ ಇಡಬೇಕು ಎಂದು ನಾನು ಆಗಲೇ ಹೇಳಿದ್ದೆ. ಆ ಎರಡು ತಂತಿಗಳ ಸಂಕೇತ ಬಹಳ ದೂರ ಹೋಗುವುದಿಲ್ಲ, ಹಾಗಾಗಿ ಟೇಬಲ್ಲಿಗೊಂದು ಪುಟ್ಟ ಬೋರ್ಡು ಬೇಕಾಗುತ್ತಿತ್ತು. ನಮ್ಮ ಯಜಮಾನರು ಬೇಡ ಎಂದರು. ಒಂದೇ ಪೆಟ್ಟಿಗೆ, ಮೇಲೆ ನೇತುಹಾಕಿದರೆ ಮುಗಿಯಿತು, ಟೇಬಲ್ಲಿಗೆಲ್ಲ ವೈರು ಎಳೆಯುವ ರಗಳೆ ಯಾರಿಗೆ ಬೇಕು ಎಂದರು. ನಾನು ಒಪ್ಪಿಕೊಂಡೆ.

ನಡುವೆ ನಾನು ಆರಿಸಿದ್ದ ಸೆನ್ಸರ್ ಸಿಗದೆ ಹೋಯಿತು. ಅದಕ್ಕೆ ಎರಡು ಕಣ್ಣುಗಳಿದ್ದವು. ಒಂದು ಎಲ್ಲ ಬೆಳಕನ್ನೂ ನೋಡುವುದು, ಇನ್ನೊಂದು ಮನುಷ್ಯರಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ನೋಡುವುದು. ಮೊದಲನೆಯದರಿಂದ ಎರಡನೆಯದನ್ನು ತಕ್ಕಷ್ಟು ಕಳೆದರೆ ನಮ್ಮ ಕಣ್ಣು ಕಾಣುವ ಬೆಳಕು ಉಳಿಯುತ್ತದೆ. ಅದರ ಬದಲು ಒಂದೇ ಕಣ್ಣಿನ, ಅಗ್ಗದ ಸೆನ್ಸರ್ ತಂದುಕೊಟ್ಟರು. ನಾನು ಟೇಬಲ್ಲಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಂಕಿಗಳು ಒಂದೇ ಥರ ಬಂದವು. ಪರವಾಗಿಲ್ಲ ಎಂದು ಬರೆದು ಸಹಿ ಮಾಡಿದೆ. ನನ್ನ ಟೇಬಲ್ಲಿನ ಮೇಲೆ ಎಲ್‌ಇಡಿ ಟ್ಯೂಬಿನ ಬೆಳಕು ಮಾತ್ರ ಬೀಳುತ್ತಿತ್ತು, ಅದರಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ. ಎದ್ದು ಹತ್ತು ಹೆಜ್ಜೆ ನಡೆದು ಬಿಸಿಲಿನಲ್ಲಿ ಇಟ್ಟು ನೋಡಬಹುದಿತ್ತು. ನೋಡಲಿಲ್ಲ.

ಪೆಟ್ಟಿಗೆಗಳನ್ನು ಹಾಕಲು ನನ್ನನ್ನು ಕಳಿಸುತ್ತಿರಲಿಲ್ಲ. ಏಣಿ ಹತ್ತಬೇಕು, ಗಂಡಸರ ಕೆಲಸ, ನೀನು ಎಸಿಯಲ್ಲಿ ಕೂತು ಡಿಸೈನ್ ಮಾಡಮ್ಮ ಎನ್ನುತ್ತಿದ್ದರು ಯಜಮಾನರು. ಅದನ್ನು ನನಗೆ ಕೊಟ್ಟ ಗೌರವ ಎಂದುಕೊಂಡು ಐದು ವರ್ಷ ಕೂತಿದ್ದೆ. ನನ್ನ ಬೋರ್ಡುಗಳು ಹೊಸಕೋಟೆಗೆ ಹೋದವು, ನೆಲಮಂಗಲಕ್ಕೆ ಹೋದವು. ಎಲ್ಲಿ, ಯಾರ ತಲೆಯ ಮೇಲೆ ತೂಗುತ್ತಿವೆ ಎಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ಪತ್ರ ಬಂದ ವಾರ, ಒಂದು ಸಂಜೆ ಅತ್ತಿಗೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಅಮ್ಮ ಅವಳ ಪಕ್ಕ ಕೂತು, ಕನ್ನಡಕ ಬಂದರೂ ಯಾಕೆ ಹೀಗೆ ಎಂದು ಗೊಣಗುತ್ತಿದ್ದರು. ಅತ್ತಿಗೆ ತಲೆ ಎತ್ತದೆ, ಫ್ಯಾಕ್ಟರಿಯಲ್ಲಿ ಕರೆಂಟು ಉಳಿಸಲು ಏನೋ ಹಾಕಿದ್ದಾರೆ, ಅದು ಬಂದ ಮೇಲೆ ಮಧ್ಯಾಹ್ನದ ಹೊತ್ತು ಲೈಟು ಇದ್ದರೂ ಇಲ್ಲದ ಹಾಗೆ ಎಂದಳು. ಸೂಪರ್‌ವೈಸರಿಗೆ ಹೇಳಿದ್ದಳಂತೆ, ಅವನು ಕಂಪ್ಯೂಟರಿನಲ್ಲಿ ಬೆಳಕು ಸಾಕಷ್ಟಿದೆ ಎಂದು ತೋರಿಸುತ್ತಿದೆ ಎಂದನಂತೆ.

ಏನು ಹಾಕಿದ್ದಾರೆ ಎಂದು ಕೇಳಿದೆ.

"ಒಂದು ಕರೀ ಡಬ್ಬಿ. ಮ್ಯಾಲೆ ಕಬ್ಬಿಣಕ್ಕೆ ನೇತಾಕವ್ರೆ. ಮೂಲೇಲಿ ಒಂದು ಹಸ್ರು ದೀಪ ಮಿಣಮಿಣ ಅಂತದೆ. ಎರಡ್ ಸಾರಿ ಅಂದು ಒಸಿ ನಿಂತ್ಕೊಂತದೆ, ತಿರ್ಗಾ ಎರಡ್ ಸಾರಿ."

ಅದು ನಾನು ಮಾಡಿದ್ದು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಕರೀ ಡಬ್ಬಿ ಎಂಬ ಮಾತು ಮಾತ್ರ ತಲೆಯಲ್ಲಿ ಗುಂಯ್‌ಗುಡುತ್ತಿತ್ತು, ಯಾಕೆಂದರೆ ನನ್ನ ಪೆಟ್ಟಿಗೆಯ ಮುಚ್ಚಳ ಕಪ್ಪಲ್ಲ. ಹಾಲಿನ ಬಣ್ಣದ ಪ್ಲಾಸ್ಟಿಕ್ ಆರಿಸಿದ್ದೆ, ಬೆಳಕನ್ನು ಸಮನಾಗಿ ಹರಡಿ ಒಳಗೆ ಬಿಡಲಿ ಎಂದು.

ಮರುದಿನ ಬೆಳಿಗ್ಗೆ ಕಂಪನಿಯ ಸ್ಟೋರಿಗೆ ಹೋಗಿ ನೋಡಿದೆ. ಹಾಲು ಬಣ್ಣದ ಮುಚ್ಚಳಗಳು ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಕಾರಿನ ಕಪ್ಪು ಗಾಜಿನ ಹಾಗಿರುವ, ಹೊಗೆಬಣ್ಣದ ಮುಚ್ಚಳಗಳು ರಾಶಿ ಬಿದ್ದಿದ್ದವು. ಯಜಮಾನರನ್ನು ಕೇಳಿದೆ. ಬಿಳಿಯದು ಕೊಳೆಯಾಗುತ್ತೆ, ನೋಡೋಕೆ ಸ್ವಿಚ್ ಬಾಕ್ಸ್ ಥರ ಕಾಣುತ್ತೆ ಅಂತ ಗಿರಾಕಿಗಳು ಹೇಳಿದರು, ಅದಕ್ಕೆ ಬದಲಾಯಿಸಿದೆ ಎಂದರು. ಹಾಗಾದರೆ ಅಂಕಿ ಬಿದ್ದುಹೋಗಿರಬೇಕಲ್ಲ ಎಂದೆ. ಬಿತ್ತು, ಪ್ರೋಗ್ರಾಮಿನಲ್ಲಿ ಅದನ್ನು ಹತ್ತರಿಂದ ಗುಣಿಸಿದೆವು, ಸರಿಹೋಯ್ತು ಎಂದರು. ಇಷ್ಟು ಸಣ್ಣ ವಿಷಯಕ್ಕೆ ನಿನ್ನನ್ನು ಯಾಕೆ ಕೇಳಬೇಕು ಎಂಬಂತಿತ್ತು ಮುಖ.

ನಾನು ಒಂದು ಪೆಟ್ಟಿಗೆಯನ್ನೂ, ಬೆಳಕು ಅಳೆಯುವ ಲಕ್ಸ್ ಮೀಟರನ್ನೂ ಎತ್ತಿಕೊಂಡು ಶೆಡ್ಡಿನ ಮುಂದಿನ ಅಂಗಳಕ್ಕೆ ಹೋದೆ. ಒಳಗೆ ಟ್ಯೂಬಿನ ಕೆಳಗೆ ಎರಡೂ ಒಂದೇ ಅಂಕಿ ಹೇಳುತ್ತಿದ್ದವು. ಹೊರಗೆ ಬಿಸಿಲಿಗೆ ಬಂದದ್ದೇ ಪೆಟ್ಟಿಗೆಗೆ ಹುಚ್ಚು ಹಿಡಿಯಿತು. ಮೀಟರು ಹೇಳಿದ್ದರ ನಾಲ್ಕು ಪಟ್ಟು, ಐದು ಪಟ್ಟು ಹೇಳುತ್ತಿತ್ತು. ಕಾರಣ ಸ್ಪಷ್ಟವಿತ್ತು. ಹೊಗೆಬಣ್ಣದ ಪ್ಲಾಸ್ಟಿಕ್ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ಡನ್ನು ಸಲೀಸಾಗಿ ಬಿಡುತ್ತದೆ. ಬಿಸಿಲಿನಲ್ಲಿ ಅದು ಧಾರಾಳ. ಎರಡನೆಯ ಕಣ್ಣಿದ್ದ ಹಳೆಯ ಸೆನ್ಸರಾಗಿದ್ದರೆ ಎಡವಟ್ಟು ಗೊತ್ತಾಗುತ್ತಿತ್ತು. ಒಂದೇ ಕಣ್ಣಿನದು ಎಲ್ಲವನ್ನೂ ಬೆಳಕೆಂದೇ ತಿಳಿಯಿತು, ಅದನ್ನು ಇವರು ಹತ್ತರಿಂದ ಗುಣಿಸಿದರು.

ನಾನು ದೊಡ್ಡಬಳ್ಳಾಪುರದ ಆ ಫ್ಯಾಕ್ಟರಿಗೆ ಹೋಗಬೇಕು ಎಂದೆ. ಸರ್ವಿಸ್ ಎಂದು ಹೇಳಿ ಹೋಗಿ ಬಾ, ಸುಮ್ಮನೆ ನೋಡಿಕೊಂಡು ಬಾ, ಅಲ್ಲಿ ಏನೂ ಮಾತಾಡಬೇಡ ಎಂದು ಯಜಮಾನರು ಎರಡೆರಡು ಸಲ ಹೇಳಿ ಕಳಿಸಿದರು.

ಹನ್ನೆರಡು ಗಂಟೆಗೆ ಅಲ್ಲಿದ್ದೆ. ಬೇಕೆಂದೇ ಆ ಹೊತ್ತು ಆರಿಸಿಕೊಂಡಿದ್ದೆ. ದೊಡ್ಡ ಶೆಡ್ಡು, ತಗಡಿನ ಚಾವಣಿಯ ನಡುನಡುವೆ ಬೆಳಕು ಬರಲೆಂದು ಹಾಕಿದ ಪಾರದರ್ಶಕ ಶೀಟುಗಳು. ನಮ್ಮ ಪೆಟ್ಟಿಗೆಯನ್ನು ಸರಿಯಾಗಿ ಅಂಥದ್ದೊಂದು ಶೀಟಿನ ಕೆಳಗೆ, ಕಬ್ಬಿಣದ ತೊಲೆಗೆ ಕಟ್ಟಿದ್ದರು. ವೈರು ಅಲ್ಲಿಯವರೆಗೆ ಮಾತ್ರ ಬಂದಿತ್ತಂತೆ. ಬಿಸಿಲು ನೇರ ಅದರ ನೆತ್ತಿಯ ಮೇಲೆ ಸುರಿಯುತ್ತಿತ್ತು. ಹೊಲಿಗೆಯ ಸಾಲುಗಳಿಗೆ ಅಷ್ಟೋ ಇಷ್ಟೋ ಹೊರಗಿನ ಬೆಳಕಿತ್ತು. ಚೆಕಿಂಗ್ ಟೇಬಲ್ಲುಗಳು ಇದ್ದದ್ದು ಶೆಡ್ಡಿನ ಕೊನೆಯಲ್ಲಿ, ಅಟ್ಟದ ಹಾಗೆ ಕಟ್ಟಿದ ಆಫೀಸಿನ ಅಡಿಯಲ್ಲಿ. ಅಲ್ಲಿಗೆ ಹಗಲಿನ ಬೆಳಕೇ ಇಲ್ಲ. ಅಲ್ಲಿಯ ಟ್ಯೂಬುಗಳೂ ನಮ್ಮ ಪೆಟ್ಟಿಗೆಯ ಮಾತು ಕೇಳಿ ಎಲ್ಲದರ ಜೊತೆ ತಗ್ಗಿ, ಮಂಕಾಗಿ ಉರಿಯುತ್ತಿದ್ದವು.

ಐದು ಜನ ಹೆಂಗಸರು ಬಗ್ಗಿ ನೋಡುತ್ತಿದ್ದರು. ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿದ್ದರು. ಮೂರನೆಯವಳು ನಮ್ಮ ಅತ್ತಿಗೆ, ನಾನು ಕೊಡಿಸಿದ ಕನ್ನಡಕ ಹಾಕಿಕೊಂಡು. ಅವಳು ನನ್ನನ್ನು ನೋಡಿದಳು, ಕೊರಳಿನ ಐಡಿ ಕಾರ್ಡು ನೋಡಿದಳು, ತಲೆ ತಗ್ಗಿಸಿದಳು. ಗುರುತು ಹಿಡಿದರೆ ನನಗೆ ತೊಂದರೆಯೋ ಅವಳಿಗೆ ತೊಂದರೆಯೋ ತಿಳಿಯದೆ ಸುಮ್ಮನಾದಳು ಎಂದು ಆಮೇಲೆ ಹೇಳಿದಳು. ಆಗ ನನಗೆ ಅನ್ನಿಸಿದ್ದು ಒಂದೇ. ನಮ್ಮ ಮನೆಯ ಹೆಣ್ಣುಮಗಳು ನನ್ನೆದುರು ತಲೆ ತಗ್ಗಿಸುವ ಹಾಗೆ ಮಾಡಿದ್ದು ನಾನು.

ಫ್ಲೋರ್ ಮ್ಯಾನೇಜರ್ ಐವತ್ತರ ಆಸುಪಾಸಿನ ಮನುಷ್ಯ, ಮರ್ಯಾದೆಯಿಂದಲೇ ಮಾತಾಡಿಸಿದರು. ತಮ್ಮ ಕಂಪ್ಯೂಟರಿನ ಪರದೆ ತೋರಿಸಿದರು. ಅದರಲ್ಲಿ ನಮ್ಮ ಪೆಟ್ಟಿಗೆ ಕಳಿಸಿದ ಅಂಕಿ ಹಸಿರು ಬಣ್ಣದಲ್ಲಿ, ಸಾಕು ಎನ್ನುವುದರ ಎಷ್ಟೋ ಪಟ್ಟು ಜಾಸ್ತಿ. ನಿಮ್ಮ ಮಿಷನ್ ತುಂಬಾ ಚೆನ್ನಾಗಿದೆ ಮೇಡಂ ಎಂದರು. ನಾನು ಲಕ್ಸ್ ಮೀಟರನ್ನು ಅತ್ತಿಗೆಯ ಟೇಬಲ್ಲಿನ ಮೇಲೆ ಇಟ್ಟೆ. ನಮ್ಮ ಮನೆಯ ಹಜಾರದಲ್ಲಿ ಟಿವಿ ನೋಡುವಾಗ ಇರುತ್ತದಲ್ಲ, ಅಷ್ಟೂ ಇರಲಿಲ್ಲ. ಮ್ಯಾನೇಜರ್ ಎರಡನ್ನೂ ನೋಡಿದರು. ಆಮೇಲೆ, ನಿಮ್ಮ ಸಣ್ಣ ಮೀಟರು ಸರಿ ಇಲ್ಲವೇನೋ, ಅಷ್ಟು ದೊಡ್ಡ ಸಿಸ್ಟಮ್ ಸುಳ್ಳು ಹೇಳುತ್ತಾ ಎಂದರು.

ಯಜಮಾನರು ಮಾತಾಡಬೇಡ ಎಂದಿದ್ದು ನೆನಪಾಯಿತು. ನೆನಪಾಗಿಯೇ ಸಿಟ್ಟು ಜಾಸ್ತಿಯಾಯಿತು.

"ಮೀಟರೂ ಬೇಡ, ಸಿಸ್ಟಮ್ಮೂ ಬೇಡ ಸಾರ್," ಎಂದೆ. ಅತ್ತಿಗೆಯ ಪಕ್ಕದಲ್ಲಿ ವಾಪಸು ಬಂದು ಬಿದ್ದಿದ್ದ ಒಂದು ನೀಲಿ ಪ್ಯಾಂಟನ್ನು ಎತ್ತಿ, ತಪ್ಪು ತೋರಿಸುವ ಬಾಣದ ಸ್ಟಿಕ್ಕರ್ ಕಿತ್ತು ಅವರ ಕೈಗೆ ಕೊಟ್ಟೆ. "ಇದ್ರಲ್ಲಿ ಒಂದ್ ಕಡೆ ಹೊಲಿಗೆ ಬಿಟ್ಟಿದೆ. ಅದಕ್ಕೇ ವಾಪಸ್ ಬಂದಿರೋದು. ಎಲ್ಲಿ ಅಂತ ತೋರ್ಸಿ."

ಅವರು ಪ್ಯಾಂಟನ್ನು ಹರಡಿ ನೋಡಿದರು. ಕಾಲು ತಿರುಗಿಸಿದರು, ಸೊಂಟ ತಿರುಗಿಸಿದರು. ಕನ್ನಡಕ ಹಣೆಗೆ ಏರಿಸಿದರು, ಮತ್ತೆ ಇಳಿಸಿದರು. ಆಮೇಲೆ, ತಾವು ಏನು ಮಾಡುತ್ತಿದ್ದೇವೆ ಎಂಬ ಅರಿವೇ ಇಲ್ಲದೆ, ಪ್ಯಾಂಟನ್ನು ಎತ್ತಿಕೊಂಡು ಹತ್ತು ಹದಿನೈದು ಹೆಜ್ಜೆ ನಡೆದು ಬಾಗಿಲ ಬೆಳಕಿಗೆ ಹೋದರು. ಅಲ್ಲಿ ನಿಂತು, ಇಲ್ಲಿದೆ ನೋಡಿ ಎಂದು ಜೇಬಿನ ಅಂಚನ್ನು ಎತ್ತಿ ಹಿಡಿದರು.

ಐದು ಜನ ಹೆಂಗಸರೂ ಕೆಲಸ ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಟೇಬಲ್ ಬಿಟ್ಟು ಏಳಲು ಅವರಿಗೆ ಅನುಮತಿ ಇಲ್ಲ.

"ನೀವು ಬಾಗ್ಲಿಗೆ ಹೋದ್ರಿ ಸಾರ್," ಎಂದೆ. "ಇವ್ರು ಎಲ್ಲಿಗೆ ಹೋಗ್ಬೇಕು?"

ಅವರು ಬಟ್ಟೆಯನ್ನು ಮಡಚಲು ಹೋಗಿ ಮಡಿಕೆ ಸರಿಯಾಗಿ ಕೂರದೆ ಹಾಗೇ ಟೇಬಲ್ಲಿನ ಮೇಲೆ ಇಟ್ಟರು. ನಾನು ಏಣಿ ತರಿಸಿ, ಹತ್ತಿ, ಪೆಟ್ಟಿಗೆಯ ತಂತಿ ಕಳಚಿದೆ. ತಂತಿ ಕಳಚಿದರೆ ದೀಪಗಳು ಪೂರ್ತಿ ಉರಿಯುವಂತೆ ಮೊದಲೇ ವಿನ್ಯಾಸ ಮಾಡಿದ್ದೆ, ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಬಹುಶಃ ಅದೊಂದೇ. ಅಟ್ಟದ ಅಡಿಯಲ್ಲಿ ಬೆಳಕು ಬಂತು. ಒಬ್ಬಾಕೆ ಕಣ್ಣು ಕಿರಿದು ಮಾಡಿಕೊಂಡು ಮೇಲೆ ನೋಡಿದಳು. ಅತ್ತಿಗೆ ಕನ್ನಡಕ ತೆಗೆದು ಮೇಲಂಗಿಯ ಜೇಬಿಗೆ ಹಾಕಿಕೊಂಡು ಮುಂದಿನ ಪೀಸು ಎಳೆದುಕೊಂಡಳು.

ತಪ್ಪು ನಮ್ಮ ಪೆಟ್ಟಿಗೆಯದು, ಅದು ಹೇಳಿದ ಅಂಕಿಗಳನ್ನು ನಂಬಬೇಡಿ ಎಂದು ಅಲ್ಲೇ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮ್ಯಾನೇಜರಿಗೆ ಕೊಟ್ಟು ಬಂದೆ. ನಾನು ಕಂಪನಿಗೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಯಜಮಾನರು ಎಲ್ಲರ ಮುಂದೆ ಕೂಗಾಡಿದರು. ಸದ್ದಿಲ್ಲದೆ ಮುಚ್ಚಳ ಬದಲಾಯಿಸಿ ಬಂದಿದ್ದರೆ ಮುಗಿಯುತ್ತಿತ್ತು, ಬರೆದುಕೊಡಲು ನಿನಗೆ ಯಾರು ಹೇಳಿದರು, ನೀನು ಯಾರ ಕಡೆ ಎಂದು ಕೇಳಿದರು.

"ಮುಚ್ಳ ಬದ್ಲಾಯ್ಸಿದ್ದು ನೀವು. ಒಂದ್ಸಲ ಬಿಸಿಲಲ್ಲಿಟ್ಟು ನೋಡ್ದೆ ಸಹಿ ಹಾಕಿದ್ದು ನಾನು," ಎಂದೆ. "ನಿರ್ಲಕ್ಷ್ಯ ಮಾಡ್ದೆ ಅಂತ ಸಹಿ ಹಾಕಿರೋದು ಮಾತ್ರ ಅಲ್ಲಿ ಬಟ್ಟೆ ನೋಡೋ ಹೆಂಗಸ್ರು."

ಕೆಲಸ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಆ ಬೋರ್ಡನ್ನು ತಿಳಿದವರು ಬೇರೆ ಯಾರೂ ಇರಲಿಲ್ಲ.

ಆ ಸಂಜೆ ಅತ್ತಿಗೆಗೆ ಎಲ್ಲ ಹೇಳಿದೆ. ಪೆಟ್ಟಿಗೆ ನನ್ನದು, ಹುಣಸೆಹಣ್ಣು ಬಿಡಿಸುತ್ತಿದ್ದ ದಿನವೇ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ. ತಪ್ಪಾಯ್ತು ಅತ್ಗೆ ಎಂದೆ.

"ಡಬ್ಬಿ ಕೆಟ್ಟಿದ್ರೆ ಕೆಟ್ಕೊಳ್ಳಿ," ಎಂದಳು. "ಮಿಷನ್ ಅಂದ್ಮೇಲೆ ಕೆಡ್ತದೆ. ಹನ್ನೊಂದರಿಂದ ನಾಕು ಗಂಟೆ ಅಂತ ನಾನು ಬಾಯ್ಬಿಟ್ಟು ಹೇಳಿದ್ನಲ್ಲ. ಓದ್ದೋಳು ನೀನು. ನನ್ ಮಾತು ನಂಬ್ದೆ ಕನ್ನಡಕದಂಗ್ಡಿಗೆ ಕರ್ಕೊಂಡೋದ್ಯಲ್ಲ, ಅದು ನಂಗೆ ಬ್ಯಾಸ್ರ."

ಹದಿನೈದು ದಿನ ಅವಳು ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು.

ಇನ್ನು ಆ ಪತ್ರಗಳ ವಿಷಯ. ಐದು ಜನರ ಹೆಸರಿನಲ್ಲೂ ಎಚ್ಚರಿಕೆ ಪತ್ರಗಳಿದ್ದವು. ಬೆಳಕು ಇರಲಿಲ್ಲ ಎಂದು ಗೊತ್ತಾದ ಮೇಲೆ ಅವನ್ನು ವಾಪಸು ತೆಗೆದುಕೊಳ್ಳಿ ಎಂದು ಅತ್ತಿಗೆಯೇ ಉಳಿದ ನಾಲ್ವರನ್ನು ಕರೆದುಕೊಂಡು ಎಚ್‌ಆರ್ ಆಫೀಸಿಗೆ ಹೋದಳು. ಎಚ್‌ಆರ್‌ನವನು ನನ್ನದೇ ವಯಸ್ಸಿನವನು. ತಪ್ಪು ನಡೆದ ದಿನಗಳಲ್ಲಿ ಬೆಳಕು ಕಡಿಮೆ ಇತ್ತು ಎಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದನಂತೆ. ಕಂಪ್ಯೂಟರ್ ತೆರೆದು ಆ ಆ ದಿನದ ಅಂಕಿಗಳನ್ನು ತೋರಿಸಿದನಂತೆ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಬೆಟ್ಟದಷ್ಟು ಬೆಳಕು. ಹತ್ತು ಹತ್ತು ನಿಮಿಷಕ್ಕೊಮ್ಮೆ ಅಂಕಿ ದಾಖಲಿಸಿಡುವ ಏರ್ಪಾಡು ಮಾಡಿದವಳು ನಾನೇ. ಮುಂದೆ ಯಾರಾದರೂ ಜಗಳ ಮಾಡಿದರೆ ಲೆಕ್ಕ ಇರಲಿ ಎಂದು ಮಾಡಿದ್ದೆ. ಆ ಲೆಕ್ಕ ಈಗ ಈ ಹೆಂಗಸರ ವಿರುದ್ಧ ನಿಂತಿತ್ತು. ನಾನು ಬರೆದುಕೊಟ್ಟ ಹಾಳೆ ಎಲ್ಲೋ ಕಳೆದುಹೋಗಿದೆ ಎಂದನಂತೆ.

ಇದನ್ನು ಅತ್ತಿಗೆ ಹೇಳಿದಾಗ ಅವನನ್ನು ಬಯ್ದುಕೊಂಡು ಹಿತ್ತಿಲಲ್ಲಿ ಅಡ್ಡಾಡಿದೆ. ಅಣ್ಣ ಬಂದು, ಬಯ್ದು ಏನು ಪ್ರಯೋಜನ, ಇನ್ನೊಂದು ಬರಿ ಎಂದ. ಬರೆದೆ. ಈ ಸಲ ನಾಲ್ಕು ಪುಟ. ಬಿಸಿಲಿನಲ್ಲಿ, ಟ್ಯೂಬಿನ ಕೆಳಗೆ, ಎರಡು ಮುಚ್ಚಳಗಳ ಜೊತೆ, ಎರಡು ಸೆನ್ಸರುಗಳ ಜೊತೆ ಅಳೆದ ಅಂಕಿಗಳನ್ನೆಲ್ಲ ಹಾಕಿ, ಈ ಪೆಟ್ಟಿಗೆ ಎಷ್ಟು ಜಾಸ್ತಿ ಬೆಳಕು ಎನ್ನುತ್ತದೆಯೋ ಅಟ್ಟದ ಅಡಿಯಲ್ಲಿ ಅಷ್ಟು ಕತ್ತಲು ಇರುತ್ತದೆ, ಆದ್ದರಿಂದ ಇದೇ ದಾಖಲೆ ಕತ್ತಲೆಗೆ ಸಾಕ್ಷಿ ಎಂದು ಬರೆದೆ. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ನಾನು ಮಾಡಿದ ಪೆಟ್ಟಿಗೆಯೇ ಸುಳ್ಳು ಹೇಳಿತು ಎಂದು ನಾನೇ ಬರೆದು ಪ್ರತಿ ಪುಟಕ್ಕೂ ಸಹಿ ಹಾಕಿದೆ. ಐದು ಜನರಿಗೂ ಒಂದೊಂದು ಪ್ರತಿ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಮತ್ತೆ ಹೋದರು. ಈ ಬಾರಿ ಆ ಫ್ಲೋರ್ ಮ್ಯಾನೇಜರೂ ಜೊತೆಗೆ ಹೋಗಿ, ಪ್ಯಾಂಟು ಹಿಡಿದುಕೊಂಡು ಬಾಗಿಲಿಗೆ ಹೋದದ್ದು ನಿಜ ಎಂದು ಹೇಳಿದರಂತೆ. ಆ ಮಾತಿಗೆ ಅವರನ್ನು ನಾನು ಮರೆಯುವುದಿಲ್ಲ.

ಪತ್ರಗಳು ರದ್ದಾದವು. ಅಷ್ಟರಲ್ಲಿ ಆ ಪತ್ರಗಳ ನೆಪದಲ್ಲಿ ಅತ್ತಿಗೆಯನ್ನು ಪ್ಯಾಕಿಂಗಿಗೆ ಹಾಕಿ ಎರಡು ತಿಂಗಳಾಗಿತ್ತು. ಮತ್ತೆ ಚೆಕಿಂಗಿಗೆ ಕರೆದರು. ಕರೆದಾಗ ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ನಾಳೆಯಿಂದ ಅಲ್ಲಿಗೆ ಹೋಗಮ್ಮ ಎಂದರಂತೆ. ಅವಳು ಹೋದಳು. ಅವಳ ಜಾಗದಲ್ಲಿ ನಾನಿದ್ದರೆ ಹೋಗುತ್ತಿರಲಿಲ್ಲ ಎಂದು ನಾನು ಹಾರಾಡಿದಾಗ, ಆ ಕೆಲಸ ನನ್ನದು, ಅವರು ಯಾರು ನನ್ನನ್ನು ಬಿಡಿಸೋಕೆ ಎಂದಳು.

ಪೆಟ್ಟಿಗೆಯನ್ನು ನಾನು ಹೊಸದಾಗಿ ಮಾಡಿದೆ. ಈಗ ಪ್ರತಿ ಟೇಬಲ್ಲಿಗೂ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು, ಎರಡು ಕಣ್ಣಿನ ಸೆನ್ಸರ್, ಹಾಲು ಬಣ್ಣದ ಮುಚ್ಚಳ. ಎಷ್ಟೇ ಬಿಸಿಲಿರಲಿ, ದೀಪ ಇಷ್ಟಕ್ಕಿಂತ ಕೆಳಗೆ ಇಳಿಯಕೂಡದು ಎಂಬ ಮಿತಿಯೊಂದನ್ನು ಹಾಕಿದ್ದೇನೆ. ಅದನ್ನು ಬದಲಾಯಿಸಲು ನನ್ನ ಪಾಸ್‌ವರ್ಡ್ ಬೇಕು. ಯಜಮಾನರು ಕೇಳಿದರು, ಕೊಡಲಿಲ್ಲ. ಟೇಬಲ್ಲಿನಲ್ಲಿ ಕೂರುವವರು ಒಂದು ಗುಂಡಿ ಒತ್ತಿದರೆ ಲೈಟು ಪೂರ್ತಿ ಹತ್ತುತ್ತದೆ. ಗುಂಡಿ ಬೇಡ, ಸುಮ್ಮನೆ ಒತ್ತುತ್ತಾ ಕೂರುತ್ತಾರೆ ಎಂದು ಅದಕ್ಕೂ ತಕರಾರು ಬಂತು. ಒತ್ತಲಿ ಎಂದೆ. ಈಗ ಪ್ರತಿ ಫ್ಯಾಕ್ಟರಿಗೂ ನಾನೇ ಹೋಗುತ್ತೇನೆ, ಏಣಿಯನ್ನೂ ನಾನೇ ಹತ್ತುತ್ತೇನೆ, ಕೆಲಸ ಮಾಡುವವರನ್ನು, ನಿಮಗೆ ಯಾವ ಹೊತ್ತಿಗೆ ಸರಿಯಾಗಿ ಕಾಣುವುದಿಲ್ಲ ಎಂದು ಮೊದಲು ಕೇಳುತ್ತೇನೆ. ಸೂಲಿಬೆಲೆ ಕಡೆಯ ಒಂದು ಘಟಕದಲ್ಲಿ ಹಾಗೆ ಕೇಳಿದಾಗ ಒಬ್ಬಾಕೆ, ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ ಎಂದಳು. ಅದನ್ನು ಕೇಳಿ ಸಂತೋಷವೇನೂ ಆಗಲಿಲ್ಲ.

ಹೋದ ತಿಂಗಳು ನಮ್ಮ ಕಂಪನಿಯ ಹೊಸ ಬ್ರೋಷರ್ ಕನ್ನಡದಲ್ಲೂ ಅಚ್ಚಾಗಿ ಬಂತು. ಮೊದಲ ಪುಟದಲ್ಲೇ, ಕೆಲಸಗಾರರ ಟೇಬಲ್ಲಿನ ಮೇಲಿನ ಬೆಳಕನ್ನೇ ಅಳೆಯುವ ವ್ಯವಸ್ಥೆ ನಮ್ಮದು, ನಮ್ಮ ದೂರದೃಷ್ಟಿಯ ಫಲ ಎಂದು ದಪ್ಪಕ್ಷರದಲ್ಲಿದೆ. ಕೆಳಗೆ ಯಜಮಾನರ ಫೋಟೋ. ಸಂಜೆ ಅದನ್ನು ಮನೆಗೆ ತಂದು ಅತ್ತಿಗೆಯ ಮುಂದೆ ಎಸೆದು, ನೋಡು ಇವರ ಬಾಳು ಎಂದೆ. ಅವಳು ಸಾವಧಾನವಾಗಿ ಅಕ್ಷರ ಕೂಡಿಸಿಕೊಂಡು ಅಷ್ಟೂ ಓದಿದಳು. ಆಮೇಲೆ ಫೋಟೋದ ಮೇಲೆ ಬೆರಳಿಟ್ಟು, ಶರಟಿನ ಎರಡನೇ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದವ್ರೆ ಎಂದಳು. ನಾನು ಬಗ್ಗಿ ನೋಡಿದೆ. ಹೌದು, ಬೇರೆ ಬಣ್ಣವೇ.